ಒಂದೇ ಒಂದು ಮಷೀನು

ಪೀಣ್ಯದ ಆ ಬೀದಿಯ ವರ್ಕ್‌ಶಾಪುಗಳಿಗೆ ವಿದ್ಯುತ್ ಕಂಪನಿಯವರಾದ ನಾವು ಕೂರಿಸಿದ ಎಚ್ಚರಿಕೆ ದೀಪದ ಡಬ್ಬಿಗಳಿಗೆ ಅದು ಕೊನೆಯ ಪರೀಕ್ಷೆ. ಹಿಂದಿನ ಎರಡು ಸಲ ಅವುಗಳ ಕೆಂಪು ದೀಪದ ಕಡೆ ಯಾರೂ ತಿರುಗಿಯೂ ನೋಡಿರಲಿಲ್ಲ. ಈ ಸಲವೂ ಕೈಕೊಟ್ಟರೆ ಎಲ್ಲವನ್ನೂ ಬಿಚ್ಚಿಕೊಂಡು ಬನ್ನಿ ಎಂದು ಮೇಲಿನವರು ಹೇಳಿಯಾಗಿತ್ತು. ಇದರ ಹಿಂದೆ ಸುತ್ತಿ ಸುತ್ತಿ ನನಗೂ ಸಾಕಾಗಿತ್ತು. ಆದರೂ ಬಿಡಲು ಮನಸ್ಸಿರಲಿಲ್ಲ.

ಕೆಲಸವೇನೋ ಸರಳ. ಪಾವಗಡದ ಸೋಲಾರ್ ಫಲಕಗಳ ಮೇಲೆ ಮೋಡ ಕವಿದರೆ ಬರುವ ಕರೆಂಟು ಇಳಿಯುತ್ತದೆ, ಇಲ್ಲಿ ದೀಪ ಹತ್ತುತ್ತದೆ. ಪ್ರತಿ ವರ್ಕ್‌ಶಾಪಿನವರು ಒಂದು ಮಷೀನನ್ನು, ಒಂದೇ ಒಂದನ್ನು, ಅರ್ಧ ಗಂಟೆ ನಿಲ್ಲಿಸಿದರೆ ಸಾಕು, ಯಾರಿಗೂ ಕರೆಂಟು ಹೋಗುವುದಿಲ್ಲ. ಇದನ್ನು ಬಾಗಿಲು ಬಾಗಿಲಿಗೆ ಹೋಗಿ ಹೇಳಿದ್ದೆ. ಎಲ್ಲರೂ ತಲೆಯಾಡಿಸಿದ್ದರು. ತಲೆಯಾಡಿಸುವುದಕ್ಕೇನು ಕಷ್ಟ!

ಮಧ್ಯಾಹ್ನ ಮೋಡ ಬಂತು. ಆಫೀಸಿನಿಂದ ದೀಪ ಹತ್ತಿಸಿದೆವು. ಪರದೆಯ ಮೇಲೆ ಆ ಬೀದಿಯ ಬಳಕೆ ತೋರಿಸುವ ಗೆರೆ ಚೂರು ಇಳಿಯಬೇಕಿತ್ತು, ಒಮ್ಮೆಗೇ ತಳ ಕಂಡಿತು. ಬಳಕೆ ಅಷ್ಟೊಂದು ದಿಢೀರನೆ ಇಳಿದರೆ ಅದೂ ತಾಪತ್ರಯವೇ. ವೋಲ್ಟೇಜ್ ಏರಿ ಲೈನೇ ಟ್ರಿಪ್ ಆಗಿ ಇಡೀ ಬೀದಿಗೆ ಕರೆಂಟು ಹೋಯಿತು. ಸ್ಕೂಟಿ ಹತ್ತಿ ಓಡಿದೆ.

ಬೀದಿಯಲ್ಲಿ ಒಂದು ಮಷೀನಿನ ಸದ್ದೂ ಇಲ್ಲ. ಎಲ್ಲರೂ ಟೀ ಅಂಗಡಿಯ ಮುಂದಿದ್ದರು. ಗೇರು ಮಾಡುವ ವರ್ಕ್‌ಶಾಪಿನ ಮೇಸ್ತ್ರಿ ಸೊಣ್ಣಪ್ಪ ನನಗೆ ಸ್ಟೂಲು ಎಳೆದುಕೊಟ್ಟರು. ಮೇನ್ ಸ್ವಿಚ್ಚನ್ನೇ ಯಾಕೆ ಇಳಿಸಿದಿರಿ ಎಂದು ಕೇಳಿದೆ. ದೀಪ ಹತ್ತಿತು ಎಂದರೆ ಕರೆಂಟು ಹೋಗುತ್ತದೆ ಎಂದೇ ಅರ್ಥವಲ್ಲವೇ, ವಾಪಸ್ಸು ಬರುವಾಗ ಜೋರಾಗಿ ಬಂದು ಮೋಟಾರು ಸುಟ್ಟರೆ ಯಾರು ಹೊಣೆ ಎಂದರು. ಲೋಡ್ ಶೆಡ್ಡಿಂಗ್ ಕಾಲದಿಂದ ಅವರಿಗೆ ಅದೇ ರೂಢಿ. ಕರೆಂಟು ಹೋಗುವುದಿಲ್ಲ ಎಂದು ನಾನು ಹೇಳಿದ್ದನ್ನು ಯಾರೂ ನಂಬಿರಲೇ ಇಲ್ಲ. ನಂಬುವುದಾದರೂ ಹೇಗೆ? ನಿಜವಾಗಿಯೂ ಹೋಗಿತ್ತಲ್ಲ.

ಅಷ್ಟರಲ್ಲಿ ಆಫೀಸಿನಿಂದ ಫೋನು ಬಂತು. ಸೋಮವಾರದಿಂದ ಬಿಚ್ಚಲು ಶುರುಮಾಡಿ ಎಂದರು. ನನಗೆ ಸಿಟ್ಟು ಬರಬೇಕಿತ್ತು, ಬಂದದ್ದು ಬರೀ ಸುಸ್ತು.

ಸೊಣ್ಣಪ್ಪ ಟೀ ಲೋಟ ಕೈಗಿತ್ತರು. "ಇಷ್ಟು ವರ್ಷ ಕರೆಂಟು ಹೇಳ್ದೆ ಕೇಳ್ದೆ ಹೋಗೋದು ಲಾವಣ್ಯಾ ಮೇಡಂ. ಇವತ್ತು ಮೊದ್ಲು ಹೇಳಿ, ಆಮೇಲೆ ಹೋಯ್ತು. ನಮಗೋಸ್ಕರ ಇಷ್ಟು ಯಾರೂ ಮಾಡಿರ್ಲಿಲ್ಲ."

ಸುತ್ತಲಿದ್ದವರೂ ಹೌದೆಂದರು. ಪಕ್ಕದ ಬೀದಿಯಿಂದ ಬಂದಿದ್ದ ಒಬ್ಬರು, ತಮಗೂ ಒಂದು ಡಬ್ಬಿ ಹಾಕಿಸಿಕೊಡಲು ಆಗುತ್ತದೆಯೇ ಎಂದು ಮೆಲ್ಲಗೆ ಕೇಳಿದರು.

"ನೋಡೋಣ" ಎಂದೆ.