ಮಖಮಲ್ಲು ಹೊದಿಸಿದ ಎಸಿ

ನಾನು ಒಂದು ಕಿಟಕಿ ಎಸಿ. ತಾಮ್ರದ ಕೊಳವೆ ಬಾಗಿಸಿ, ಗ್ಯಾಸು ತುಂಬಿ, ತಗಡು ಹೊದಿಸಿ ನನ್ನನ್ನು ಹುಟ್ಟಿಸಿದರು. ಸಿಂಧನೂರಿನ ಬಟ್ಟೆ ವ್ಯಾಪಾರಿ ಸಿದ್ರಾಮಪ್ಪ ನನ್ನನ್ನು ಕೊಂಡು, ಮಗಳು ನೀಲಾಂಬಿಕೆಯ ಮದುವೆಯಲ್ಲಿ ರಾಯಚೂರಿನ ಬೀಗರಿಗೆ ಕೊಟ್ಟ.

ಅತ್ತೆ ಗುರುಬಾಯಿಗೆ ಕವರು ಹೊಲಿಯುವ ಚಟ. ಮಿಕ್ಸಿಗೆ, ಫ್ರಿಜ್ಜಿಗೆ ಹೊಲಿದಾಗಿತ್ತು. ನನಗೆ ಕೆಂಪು ಮಖಮಲ್ಲು. ತಣ್ಣನೆ ಗಾಳಿ ಬರುವ ಕಡೆ ಮಾತ್ರ ಸೀಳು ಬಿಟ್ಟು, ನಾನು ಉಸಿರೆಳೆಯುವ ಜಾಗವನ್ನು ಮುಚ್ಚಿಬಿಟ್ಟಳು. ನೆಂಟರೆಲ್ಲ ಹೊಗಳಿದರು. ಬೇಸಿಗೆಯಲ್ಲಿ ಉಸಿರು ಸಾಲದೆ ನನ್ನ ಕೊಳವೆಗಳ ಮೇಲೆ ಮಂಜುಗಡ್ಡೆ ಕಟ್ಟಿ, ಗಾಳಿ ನಿಂತುಹೋಯಿತು.

“ನಿಮ್ಮಪ್ಪ ಹುಡುಕಿ ಹುಡುಕಿ ಕೆಟ್ಟಿದ್ದನ್ನೇ ಕೊಟ್ಟಾನ,” ಎಂದಳು ಗುರುಬಾಯಿ ಸೊಸೆಗೆ. “ಮಶೀನೂ ಹಂಗ, ಮಗಳೂ ಹಂಗ. ಹೊತ್ಕೊಂಡು ನಡಿ ತವರಿಗೆ.”

ನೀಲಾಂಬಿಕೆ ಕೂಲಿಂಗ್ ನಿಲ್ಲಿಸಿ ಬರೀ ಫ್ಯಾನು ಓಡಿಸಿದಳು. ಕೆಳಗೆ ಬೋಗುಣಿ ಇಟ್ಟಳು. ಮಂಜು ಕರಗಿದ ಮೇಲೆ ಕವರು ತೆಗೆದು, ಗಾಳಿ ಸೋಸುವ ಜಾಳಿಗೆಯನ್ನು ತೊಳೆದು ನನ್ನನ್ನು ಮತ್ತೆ ಚಾಲು ಮಾಡಿದಳು. ಕೋಣೆ ತಣ್ಣಗಾಯಿತು. ಅವಳ ಗಂಡ ಚನ್ನವೀರ ಅಂಗಿಯ ಗುಂಡಿ ಬಿಚ್ಚಿ ನನ್ನೆದುರು ನಿಂತ.

“ಮಶೀನು ಛಲೋ ಐತಿ ಅತ್ತಿ. ಕವರಿನಿಂದ ಉಸಿರು ಕಟ್ಟಿತ್ತು.”

“ಅಂದ್ರ ನನ್ನ ಕೈಗುಣಾನ ಕೆಟ್ಟದ್ದೇನವಾ?”

ಚನ್ನವೀರ ಗುಂಡಿ ಹಾಕಿಕೊಂಡ. “ಅವ್ವನ ಮನಸ್ಸು ನೋಯಸಬ್ಯಾಡ,” ಎಂದು ಕವರನ್ನು ತಾನೇ ತಂದು ನನ್ನ ಮೇಲೆಳೆದ. ಸಂಜೆಗೆ ಮತ್ತೆ ಮಂಜು ಕಟ್ಟಿತು. ಮರುದಿನ ನನ್ನನ್ನೂ ಅವಳನ್ನೂ ಸಿಂಧನೂರಿಗೆ ಕಳಿಸಿದರು.

ಸಿದ್ರಾಮಪ್ಪ ನನ್ನನ್ನು ಅಂಗಡಿಯ ಕಿಟಕಿಗೆ ಕೂರಿಸಿದ. ದಿನವಿಡೀ ಓಡಿದೆ. ಮಂಜಿನ ಸುಳಿವಿಲ್ಲ. ಅವನು ಹಿಗ್ಗಿ ಫೋನು ಮಾಡಿದ.

“ಬೀಗತ್ಯಾರ, ಏನೂ ಕೆಟ್ಟಿಲ್ರಿ. ಬೇಕಾದ್ರ ಸಪ್ಪಳ ಕೇಳ್ರಿ.” ಫೋನನ್ನು ನನ್ನ ಮುಖಕ್ಕೆ ಹಿಡಿದ. ನಾನು ಆದಷ್ಟು ಚೆನ್ನಾಗಿ ಗುನುಗಿದೆ. “ಮಗಳನ್ನ ಯಾವಾಗ ಕರ್ಕೊಂಡು ಬರ್ಲಿ?”

“ಸರಿ ಇದ್ರ ಮಶೀನು ಕಳಸ್ರಿ,” ಎಂದಳು ಗುರುಬಾಯಿ.

ಅವನು ಇನ್ನೊಂದು ಮಾತಿಗೆ ಕಾದ. ಫೋನು ಕಟ್ಟಾಯಿತು.

“ಮೊದಲು ಇದು ಹೋಗಲಿ. ಆಮ್ಯಾಲ ನಿನ್ನ ಕರಸ್ತಾರ,” ಎಂದ ಮಗಳಿಗೆ. ಅವಳು ನನ್ನ ಪ್ಲಗ್ಗು ಕಿತ್ತಳು.

ನಾನು ರಾಯಚೂರಿಗೆ ಮರಳಿದೆ. ಅವಳನ್ನು ಕರೆಸಲಿಲ್ಲ. ಚನ್ನವೀರನಿಗೆ ಇನ್ನೊಂದು ಮದುವೆಯಾಯಿತು. ಆ ಹುಡುಗಿಯ ಜೊತೆ ಹೊಸ ಎಸಿ ಬಂತು. ನನ್ನನ್ನು ಗುಜರಿಗೆ ಹಾಕಿದರು.

ಇಲ್ಲಿ ನನ್ನ ತಾಮ್ರ ಬಿಚ್ಚುತ್ತಿದ್ದಾರೆ. ನಾನು ಕೆಟ್ಟಿರಲಿಲ್ಲ. ಅದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದರಿಂದ ಏನೂ ಆಗಲಿಲ್ಲ.