ತಾನೇ ಎಬ್ಬಿಸಿದ ಅಲೆ

ಆತ ಕುರ್ಚಿಯ ಮೇಲೆ ಪೂರ್ತಿಯಾಗಿ ಕೂತದ್ದನ್ನು ಕಂಡವರಿಲ್ಲ. ಅಂಚಿಗೆ ಮೈಯನ್ನು ಒಂದಿಷ್ಟು ತಾಗಿಸಿ, ಒಂದು ಪಾದವನ್ನು ಬಾಗಿಲ ಕಡೆಗೆ ತಿರುಗಿಸಿಟ್ಟು, ಈಗ ಎದ್ದೆ ಇನ್ನು ಎದ್ದೆ ಎಂಬಂತೆ ತೂಗಾಡುವುದೇ ಅವನ ಆಸನವಿಧಿ. ಕ್ಷೌರದಂಗಡಿಯಲ್ಲೂ ಇದೇ ಕಥೆಯಾದ್ದರಿಂದ ಅವನ ಬಲಗೆನ್ನೆಯ ಗಡ್ಡ ಎಡಗೆನ್ನೆಯದಕ್ಕಿಂತ ಯಾವಾಗಲೂ ಒಂದು ದಿನ ಹಿರಿಯದು. ಮಾಸಿದ ನೀಲಿ ಕೋಟಿನ ಒಂದು ತೋಳನ್ನು ಮನೆಯೊಳಗೆ ತೊಟ್ಟರೆ ಇನ್ನೊಂದನ್ನು ತೊಡುತ್ತಿದ್ದದ್ದು ರಸ್ತೆಯ ತಿರುವಿನಲ್ಲಿ. ಎದುರಿನವರು ಬಾಯಿ ತೆರೆಯುವಷ್ಟರಲ್ಲಿ “ಆಯ್ತು ಆಯ್ತು, ಮುಂದೆ?” ಎನ್ನುತ್ತಿದ್ದ. ದೋಣಿಗಳು ನಿಲ್ಲುವ ಜೆಟ್ಟಿಯ ಜನ ಅವನಿಗೆ ಅವಸರಪ್ಪ ಎಂದು ನಾಮಕರಣ ಮಾಡಿದ್ದರು. ಅದಕ್ಕೆ ಅವನಿಗೆ ಬೇಸರವೇನೂ ಇರಲಿಲ್ಲ. ಬೇಸರಪಡುವುದಕ್ಕಾದರೂ ಒಂದು ಗಳಿಗೆ ನಿಲ್ಲಬೇಕಲ್ಲ!

ಇಂಥ ಮನುಷ್ಯನ ಪಾಲಿಗೆ ಬಂದದ್ದು ಅಪ್ಪ ಕಟ್ಟಿದ ಮರದ ಲಾಂಚು: ಮೂವತ್ತಾರು ಅಡಿ ಉದ್ದ, ತುಂಬಿದ ಹೊಟ್ಟೆ, ನಲವತ್ತು ಎಚ್‌ಪಿಯ ಇಂಜಿನ್. ನೀರಿನ ಮೇಲೆ ಜಾರಿಹೋಗುವ ಹಗುರ ಜಾತಿಯದಲ್ಲ ಅದು. ನೀರಿನೊಳಗೆ ಗಟ್ಟಿಯಾಗಿ ಕೂತು, ನೀರನ್ನು ಎರಡೂ ಪಕ್ಕಕ್ಕೆ ಸರಿಸಿಕೊಂಡು, ಅರವತ್ತು ಜನರನ್ನು ಹೊತ್ತು ಗಜಗಮನದಲ್ಲಿ ಕೊಲ್ಲಿ ದಾಟುವ ಜಾತಿ. ಈ ದಡದಿಂದ ಆ ದಡಕ್ಕೆ ನಲವತ್ತು ನಿಮಿಷ. ಆ ನಲವತ್ತು ನಿಮಿಷವೂ ಅವಸರಪ್ಪ ಚುಕ್ಕಾಣಿಯ ಹಿಂದೆ ಕಾಲು ಬದಲಿಸುತ್ತ, ಮೈಯನ್ನು ಮುಂದಕ್ಕೆ ಬಾಗಿಸಿ, ತಾನೇ ದೂಡುತ್ತಿರುವವನಂತೆ ನಿಂತಿರುತ್ತಿದ್ದ.

ಹೀಗಿರುವಾಗ ಬಂದರು ಕಚೇರಿಯವರು ಜೆಟ್ಟಿಯ ಗೋಡೆಗೆ ಒಂದು ಪ್ರಕಟಣೆ ಅಂಟಿಸಿದರು. ಮುಂದಿನ ಹಂಗಾಮಿನಿಂದ ಕೊಲ್ಲಿಯನ್ನು ಮೂವತ್ತೈದು ನಿಮಿಷದೊಳಗೆ ದಾಟುವ ಲಾಂಚುಗಳಿಗೆ ಮಾತ್ರ ಪರವಾನಗಿ. ಅವಸರಪ್ಪನಿಗೆ ಗೊತ್ತಿದ್ದ ದಾರಿ ಅದೊಂದೇ, ಗೊತ್ತಿದ್ದ ಕೆಲಸ ಅದೊಂದೇ. ಅದು ಕೈಬಿಟ್ಟರೆ ಅಪ್ಪನ ಲಾಂಚು ಸೌದೆ, ತಾನು ಸೌದೆಯ ಕಾವಲುಗಾರ.

ಅವನಿಗೊಬ್ಬಳು ಅಕ್ಕ. ಅಪ್ಪನ ದೋಣಿ ಕಟ್ಟುವ ಅಂಗಳವನ್ನು ನಡೆಸುತ್ತಿದ್ದವಳು ಅವಳೇ. ತಮ್ಮ ಎಷ್ಟು ಚುರುಕೋ ಅಕ್ಕ ಅಷ್ಟು ನಿಧಾನ. ಒಂದು ಹಲಗೆಯನ್ನು ಆರಿಸುವುದಕ್ಕೆ ಒಂದು ಬೆಳಗನ್ನೇ ವ್ಯಯಿಸಿ, ಕೊನೆಗೆ ಬೇಡವೆಂದು ಪಕ್ಕಕ್ಕಿಡಬಲ್ಲ ಮಹಾತಾಯಿ. ಅವನು ದೊಡ್ಡ ಇಂಜಿನ್ನಿನ ಮಾತು ಎತ್ತಿದಾಗ ಅವಳು ಉಳಿಯನ್ನು ಕೆಳಗಿಟ್ಟು, ನೆಲದ ಮೇಲಿನ ಮರದ ಹೊಟ್ಟಿನಲ್ಲಿ ಬೆರಳಿನಿಂದ ಎರಡು ಉಬ್ಬು ಎಳೆದು ತೋರಿಸಿದಳು. ಲಾಂಚು ಓಡುವಾಗ ಮೂತಿಯ ಹತ್ತಿರ ಒಂದು ಅಲೆ ಏಳುತ್ತದೆ, ಅದರ ಹಿಂದೆ ಇನ್ನೊಂದು. ವೇಗ ಹೆಚ್ಚಿದಂತೆ ಆ ಎರಡರ ನಡುವಿನ ಅಂತರವೂ ಹೆಚ್ಚುತ್ತದೆ. ಅಂತರವು ಲಾಂಚಿನ ಉದ್ದಕ್ಕೆ ಸಮನಾದಾಗ, ಲಾಂಚು ತಾನೇ ಎಬ್ಬಿಸಿದ ಎರಡು ಅಲೆಗಳ ನಡುವಿನ ಗುಂಡಿಯಲ್ಲಿ ಕೂತಿರುತ್ತದೆ. ಆಮೇಲೆ ಎಷ್ಟು ಶಕ್ತಿ ಸುರಿದರೂ ಅಲೆ ದೊಡ್ಡದಾಗುತ್ತದೆಯೇ ಹೊರತು ಲಾಂಚು ಅದನ್ನು ಹತ್ತುವುದಿಲ್ಲ. ಹಾಗಾಗಿ ಲಾಂಚನ್ನು ನಡುವೆ ಅಡ್ಡಕ್ಕೆ ಕೊಯ್ದು ಒಂಬತ್ತು ಅಡಿ ಸೇರಿಸೋಣ, ನಾಲ್ಕು ತಿಂಗಳು ಹಿಡಿಯುತ್ತದೆ ಎಂದಳು.

ನಾಲ್ಕು ತಿಂಗಳು! ಅವಸರಪ್ಪ ಅಷ್ಟರಲ್ಲಾಗಲೇ ಅಂಗಳದ ಗೇಟು ದಾಟಿದ್ದ.

ಅವನ ಹಟಕ್ಕೆ ಬರಿಯ ಸ್ವಭಾವವೇ ಕಾರಣವಾಗಿರಲಿಲ್ಲ. ಹದಿಮೂರು ವರ್ಷದ ಹಿಂದೆ ಎದೆನೋವೆಂದು ಕುಸಿದ ತಾಯಿಯನ್ನು ಇದೇ ಲಾಂಚಿನಲ್ಲಿ ಮಲಗಿಸಿಕೊಂಡು ಆಚೆ ದಡದ ಆಸ್ಪತ್ರೆಗೆ ಹೊರಟಿದ್ದರು. ಅಕ್ಕ ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತಿದ್ದಳು, ಇವನು ಚುಕ್ಕಾಣಿಯಲ್ಲಿದ್ದ. ಇಂಜಿನ್ನಿನ ಪ್ರಾಣ ಹೋಗುವಷ್ಟು ಥ್ರಾಟಲ್ ಒತ್ತಿದರೂ ಲಾಂಚು ತನ್ನ ನಡಿಗೆ ಬದಲಿಸಲಿಲ್ಲ. ಆಚೆ ಜೆಟ್ಟಿಯ ಮೆಟ್ಟಿಲಿಗೆ ಹಗ್ಗ ಕಟ್ಟಿ ತಿರುಗಿ ನೋಡಿದಾಗ ಎಲ್ಲ ಮುಗಿದಿತ್ತು. ಇನ್ನು ಐದೇ ಐದು ನಿಮಿಷ ಮುಂಚೆ ಮುಟ್ಟಿದ್ದರೆ ಎಂಬ ಲೆಕ್ಕ ಅಂದಿನಿಂದ ಅವನ ತಲೆಯೊಳಗೆ ಕೂತುಬಿಟ್ಟಿತು. ಇಂಜಿನ್ ಸಾಲಲಿಲ್ಲ, ದೊಡ್ಡ ಇಂಜಿನ್ ತಂದಿದ್ದರೆ ಸಾಕಾಗುತ್ತಿತ್ತು, ತರಬೇಕಾಗಿದ್ದವನು ತಾನು. ಅವನ ಚಡಪಡಿಕೆಯೆಲ್ಲ ಆ ಲೆಕ್ಕದ್ದೇ.

ಅಂತೂ ನೂರಿಪ್ಪತ್ತು ಎಚ್‌ಪಿಯ ಇಂಜಿನ್ ಬಂದು ಕೂತಿತು. ಮೊದಲ ದಿನವೇ ಜೆಟ್ಟಿಯ ಜನ ಬೆರಗಾದರು: ಏನು ಆರ್ಭಟ, ಏನು ಹೊಗೆ, ಹಿಂದೆ ಏಳುವ ಅಲೆಯಾದರೂ ಎಂಥದು! ದಡದಲ್ಲಿ ಕಟ್ಟಿದ್ದ ಸಣ್ಣ ದೋಣಿಗಳೆಲ್ಲ ಒಂದಕ್ಕೊಂದು ತಲೆ ಕುಟ್ಟಿಕೊಂಡವು. ಅಲೆ ದೊಡ್ಡದಾದಷ್ಟೂ ವೇಗ ದೊಡ್ಡದೆಂದು ತಿಳಿದಿದ್ದ ಅವಸರಪ್ಪ, ದಾರಿ ನೋಡುವುದನ್ನು ಬಿಟ್ಟು ಮತ್ತೆ ಮತ್ತೆ ಹಿಂದಕ್ಕೆ ತಿರುಗಿ ಆ ಅಲೆಯನ್ನು ನೋಡಿ ಹಿಗ್ಗುತ್ತಿದ್ದ. ಪ್ರತಿದಿನ ಆಚೆ ದಡದ ಆಸ್ಪತ್ರೆಗೆ ಕೆಲಸಕ್ಕೆ ಹೋಗುತ್ತಿದ್ದ ನರ್ಸ್ ಒಬ್ಬರು ಮಾತ್ರ ಕೈಗಡಿಯಾರ ನೋಡಿಕೊಂಡು, ಮೂರೇ ನಿಮಿಷ ಉಳಿಯಿತಲ್ಲ ಎಂದರು. ಅವರ ಗಡಿಯಾರವೇ ಕೆಟ್ಟಿದೆ ಎಂದು ಇವನು ತೀರ್ಪು ಕೊಟ್ಟುಬಿಟ್ಟ.

ಪರೀಕ್ಷೆಯ ದಿನ ಬಂದರು ಕಚೇರಿಯ ಅಧಿಕಾರಿ ಹತ್ತಿದರು. ಅರವತ್ತು ಜನರ ಭಾರಕ್ಕೆ ಮರಳಿನ ಚೀಲ ಪೇರಿಸಿದ್ದರು. ಅಕ್ಕ ಹಿಂಭಾಗದಲ್ಲಿ ಕೂತಳು. ಅರ್ಧ ದಾರಿಯಲ್ಲಿ ಅವಸರಪ್ಪ ಥ್ರಾಟಲನ್ನು ಕೊನೆಯವರೆಗೆ ಒತ್ತಿದ. ಮೂತಿ ಆಕಾಶಕ್ಕೆದ್ದಿತು, ಹಿಂಭಾಗ ಗುಂಡಿಯೊಳಗೆ ಕುಸಿಯಿತು, ಅಲೆ ಗೋಡೆಯಂತೆ ಹಿಂದೆಯೇ ನಿಂತಿತು. ದಡ ಮಾತ್ರ ಹತ್ತಿರ ಬರಲೊಲ್ಲದು! ಇನ್ನೂ ಒತ್ತುವುದಕ್ಕೆ ಏನೂ ಉಳಿದಿಲ್ಲವಲ್ಲ ಎಂದು ತಿರುಗಿ ನೋಡಿದರೆ ಹಿಂದಿನ ಅಂಚಿನ ಮೇಲಿಂದ ನೀರು ಒಳಗೆ ಸುರಿಯುತ್ತಿದೆ, ಅಕ್ಕ ಮೊಣಕಾಲುಮಟ್ಟದ ನೀರಿನಲ್ಲಿ ಕೂತಲ್ಲೇ ಕೂತು ಇವನ ಮುಖವನ್ನೇ ನೋಡುತ್ತಿದ್ದಾಳೆ. ಜೀವಮಾನದಲ್ಲಿ ಮೊದಲ ಸಲ ಅವನ ಕೈ ತಾನಾಗಿ ಥ್ರಾಟಲನ್ನು ಹಿಂದಕ್ಕೆಳೆಯಿತು. ಮೂವತ್ತೇಳು ನಿಮಿಷ. ಕೋಟು ಹಿಂಡಿಕೊಳ್ಳುತ್ತ ಇಳಿದ ಅಧಿಕಾರಿ, ಮಳೆಗಾಲ ಮುಗಿದ ಮೇಲೆ ಇನ್ನೊಂದೇ ಅವಕಾಶ ಎಂದು ಬರೆದುಕೊಂಡು ಹೋದರು.

ಲಾಂಚನ್ನು ಅಂಗಳಕ್ಕೆ ಎಳೆದು ನಡುವೆ ಕೊಯ್ದರು. ಅಪ್ಪ ಹೊಡೆದ ಮೊಳೆಗಳು ಗರಗಸಕ್ಕೆ ತಾಗಿ ಕಿರುಗುಟ್ಟಿದಾಗಲೆಲ್ಲ ಅವಸರಪ್ಪ ಹೊರಗೆ ಹೋಗಿ ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬರುತ್ತಿದ್ದ. ಆ ನಾಲ್ಕು ತಿಂಗಳು ಅವನು ಪಟ್ಟ ಪಾಡು ದೇವರಿಗೇ ಪ್ರೀತಿ. ಎರಡು ತುಂಡುಗಳ ನಡುವಿನ ಖಾಲಿ ಜಾಗದಲ್ಲಿ ಅತ್ತಿಂದಿತ್ತ ನಡೆದ. ಮೊನ್ನೆ ಅಳೆದದ್ದನ್ನು ಇವತ್ತು ಮತ್ತೆ ಅಳೆದ. ಬಣ್ಣ ಒಣಗಿತೇ ಎಂದು ಗಳಿಗೆಗೊಮ್ಮೆ ಮುಟ್ಟಿ, ಹಲಗೆಯ ತುಂಬ ತನ್ನ ಬೆರಳಚ್ಚು ಮೂಡಿಸಿ, ಅಕ್ಕನಿಂದ ಬೈಸಿಕೊಂಡ. ಕಡೆಗೆ ಅವಳು ಹಲಗೆಗಳ ಸಂದಿಗೆ ಹತ್ತಿಯ ಹುರಿ ತುಂಬುವ ಕೆಲಸಕ್ಕೆ ಅವನನ್ನು ಕೂರಿಸಿದಳು. ಅದು ಬೆರಳಗಲ ಬೆರಳಗಲ ಸಾಗುವ ಕೆಲಸ, ಓಡಿಸಿದರೆ ನೀರು ಬರುತ್ತದೆ.

ಎರಡನೆಯ ಪರೀಕ್ಷೆಗೂ ಅದೇ ಅಧಿಕಾರಿ ಬಂದರು, ಈ ಸಲ ಕೋಟಿಲ್ಲದೆ. ನಲವತ್ತೈದು ಅಡಿಯ ಲಾಂಚು ಅರ್ಧ ಥ್ರಾಟಲಿನಲ್ಲೇ ಸದ್ದಿಲ್ಲದೆ ಹೊರಟಿತು. ಸಂಕಟ ಶುರುವಾದದ್ದೇ ಆಗ. ಹಿಂದೆ ತಿರುಗಿ ನೋಡಿದರೆ ಅಲೆಯೇ ಇಲ್ಲ! ಆರ್ಭಟವಿಲ್ಲ, ಹೊಗೆಯಿಲ್ಲ, ಮುಗಿಯಿತು, ನಿಂತೇ ಹೋಗಿದ್ದೇವೆ ಎಂದುಕೊಂಡ. ಕೊಲ್ಲಿಯ ನಡುವೆ ಅವನ ಕೈ ಥ್ರಾಟಲಿಗೆ ಹೋಯಿತು. ಅಲ್ಲಿ, ಪಕ್ಕಕ್ಕೆ ಬಂದು ನಿಂತಿದ್ದ ಅಕ್ಕನ ಕೈ ಮೊದಲೇ ಇತ್ತು.

“ಅಮ್ಮ ಹೋಗಿದ್ದು ಇಲ್ಲೇ ಕಣೋ,” ಎಂದಳು. “ಜೆಟ್ಟಿ ಹತ್ರ ಅಲ್ಲ. ಇನ್ನೂ ಅರ್ಧ ದಾರಿ ಇತ್ತು. ನೀನು ಎಷ್ಟೇ ಓಡಿಸಿದ್ರೂ ಮುಟ್ತಿರ್ಲಿಲ್ಲ.”

ಯಾಕೆ ಹೇಳಲಿಲ್ಲ ಎಂದು ಅವನು ಕೇಳಿದ.

“ಅವತ್ತು ಚುಕ್ಕಾಣಿ ನಿನ್ನ ಕೈಲಿತ್ತು, ಹೇಳೋಕಾಗ್ಲಿಲ್ಲ. ಆಮೇಲೆ ನೀನು ಇಂಜಿನ್ ಮೇಲೆ ಸಿಟ್ಟು ಮಾಡ್ಕೊಂಡೆ. ಇರ್ಲಿ, ಇಂಜಿನ್ ಮೇಲೆ ತಾನೆ ಅಂತ ಸುಮ್ಮನಾದೆ. ಆ ಸಿಟ್ಟು ನಿನ್ನ ಮೇಲೇ ಅಂತ ನಂಗೆ ತಡವಾಗಿ ಗೊತ್ತಾಯ್ತು.”

ಅವನು ಅತ್ತ. ಎರಡೂ ಕೈ ಚುಕ್ಕಾಣಿಯ ಮೇಲಿದ್ದುದರಿಂದ ಒರೆಸಿಕೊಳ್ಳಲೂ ಆಗಲಿಲ್ಲ. ಥ್ರಾಟಲ್ ಇದ್ದಲ್ಲೇ ಇತ್ತು. ಜೆಟ್ಟಿ ಮುಟ್ಟಿದಾಗ ಅಧಿಕಾರಿ ಮೂವತ್ನಾಲ್ಕು ನಿಮಿಷ ಎಂದು ಬರೆದುಕೊಂಡು, ಚಾಲಕನ ಕೆಂಪು ಕಣ್ಣನ್ನು ನೋಡಿ, ಪರವಾನಗಿ ಸಿಕ್ಕ ಸಂತೋಷವೆಂದು ಭಾವಿಸಿ ಬೆನ್ನು ತಟ್ಟಿದರು.

ಅವಸರದ ಜನರನ್ನು ಕಂಡು ನಾವು ನಗುತ್ತೇವೆ, ನಿಧಾನಸ್ಥರನ್ನು ವಿವೇಕಿಗಳೆಂದು ಗೌರವಿಸುತ್ತೇವೆ. ಆದರೆ ಹೀಗೆ ಧಾವಿಸುವವರಲ್ಲಿ ಎಷ್ಟೋ ಮಂದಿ ಎಂದೋ ಒಂದು ದಿನ ಒಂದು ಕಡೆಗೆ ತಡವಾಗಿ ಮುಟ್ಟಿದವರು. ಆ ದಿನವನ್ನು ಹಿಡಿಯಲೆಂದು ಉಳಿದ ದಿನಗಳನ್ನೆಲ್ಲ ಓಡಿಸುತ್ತ, ಓಡಿಸಿದಷ್ಟೂ ಆಳದ ಗುಂಡಿಯಲ್ಲಿ ಕೂರುತ್ತಾರೆ. ತಪ್ಪು ನಿನ್ನದಲ್ಲವೆಂದು ಹೇಳಬಲ್ಲವರು ಬಹುಮಟ್ಟಿಗೆ ಅದೇ ದೋಣಿಯಲ್ಲಿ, ಎರಡು ಮಾರು ಹಿಂದೆ, ಸಮಯ ಬರಲಿ ಎಂದು ಸುಮ್ಮನೆ ಕೂತಿರುತ್ತಾರೆ.