ನಿಲ್ಲಿಸಿದ ರೀಲು

ಮಂಡಿ ಮೊಹಲ್ಲಾದ ಟಾಕೀಸಿನ ಆಪರೇಟರ್ ಸೂಸೈರಾಜನನ್ನು ಜನ ಕುಂಟ ಅನ್ನುತ್ತಿರಲಿಲ್ಲ, ಕುಡುಕ ಅನ್ನುತ್ತಿದ್ದರು. ಹೆಂಡ ಮುಟ್ಟದವನಿಗೆ ಆ ಹೆಸರು! ಅವನ ಹೊಟ್ಟೆ ಉರಿಯುತ್ತಿದ್ದದ್ದು ಅದಕ್ಕೇ.

ಏಳು ವರ್ಷದ ಹಿಂದೆ ಅವನು ಮಿಲ್ಲಿನ ಫುಟ್‌ಬಾಲ್ ತಂಡದ ಫಾರ್ವರ್ಡ್. ಆಡಿದರೆ ಕೆಲಸ, ಇಲ್ಲವಾದರೆ ಮನೆ. ಫೈನಲ್ ಹೊತ್ತಿಗೆ ಅವನ ಮೊಣಕಾಲು ಊದಿ ಕುಂಬಳಕಾಯಿಯಾಗಿತ್ತು. ತಂಡದ ಸೆಕ್ರೆಟರಿ ಮಹದೇವಪ್ಪನವರು ಮೈದಾನದ ಅಂಚಿನಲ್ಲೇ ನೋವು ಮರೆಸುವ ಸೂಜಿ ಹಾಕಿಸಿ ಒಳಗೆ ನೂಕಿದರು. ಗೋಲು ಬಂತು, ಕಾಲು ಹೋಯಿತು. ಆಮೇಲೆ, ಕುಡಿದು ಮೆಟ್ಟಿಲಿಂದ ಬಿದ್ದ ಎಂದು ಊರೆಲ್ಲ ಸಾರಿ, ಮಿಲ್ಲಿನಿಂದ ಹೊರಹಾಕಿ ಕೈತೊಳೆದುಕೊಂಡರು.

ಈಗ ಅದೇ ಮಹದೇವಪ್ಪನವರಿಗೆ ಟಾಕೀಸಿನಲ್ಲಿ ಸನ್ಮಾನವಂತೆ. ಮಿಲ್ಲಿನವರು ತೆಗೆಸಿದ್ದ ಆ ಫೈನಲ್ಲಿನ ಫಿಲ್ಮನ್ನೇ ತೋರಿಸಬೇಕಂತೆ. ಪುಣ್ಯಾತ್ಮರಿಗೆ ಗೋಲಷ್ಟೇ ನೆನಪಿತ್ತು. ಆದರೆ ಬಂದ ರೀಲನ್ನು ಮೊದಲು ಕೈಯಲ್ಲಿ ಸುತ್ತಿ, ಹರಿದದ್ದನ್ನು ಅಂಟಿಸುವುದು ಆಪರೇಟರನ ಕೆಲಸ. ಬೆಳಕಿಗೆ ಹಿಡಿದು ಸುತ್ತುತ್ತಿದ್ದ ಸೂಸೈರಾಜನ ಬೆರಳು ಒಂದು ಕಡೆ ನಿಂತಿತು. ಸೂಜಿ, ಮೊಣಕಾಲು, ಕಾಲನ್ನು ಅದುಮಿ ಹಿಡಿದ ಮಹದೇವಪ್ಪ. ಸಿಕ್ಕಿದೆಯಲ್ಲ ಮಗನೇ ಅಂದುಕೊಂಡ.

ಸನ್ಮಾನದ ದಿನ ಟಾಕೀಸು ತುಂಬಿತ್ತು. ಸೂಜಿ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಯಿತು, ಯಾರೂ ನೋಡಲಿಲ್ಲ. ಗೋಲು ಬಿದ್ದಾಗ ಮಾತ್ರ ಸಿಳ್ಳೆಯೋ ಸಿಳ್ಳೆ. ಒನ್ಸ್ ಮೋರ್ ಎಂದು ಬೆಂಚಿನವರು ಕೂಗಿದರು. ಹಾರ ಹಾಕಿಕೊಂಡ ಮಹದೇವಪ್ಪನವರೂ, ಹಾಕಯ್ಯ ಎಂದು ಕೈಯಾಡಿಸಿದರು.

ಸೂಸೈರಾಜ ರೀಲನ್ನು ಹಿಂದಕ್ಕೆ ಸುತ್ತಿದ. ದೀಪದ ಮುಂದೆ ನಿಂತ ರೀಲು ಸುಡುತ್ತದೆಂದು ಅವನಿಗೆ ಗೊತ್ತು. ಈ ಕೆಲಸವೂ ಹೋಗುತ್ತದೆಂದು ಗೊತ್ತು. ಹಾಳಾಗಿ ಹೋಗಲಿ ಎಂದು ಸೂಜಿಯ ಹತ್ತಿರ ಮಿಷನ್ ನಿಲ್ಲಿಸಿಬಿಟ್ಟ.

ಪರದೆಯ ತುಂಬ ಸೆಕ್ರೆಟರಿ, ಅವರ ಕೈಯಲ್ಲಿ ಊದಿದ ಕಾಲು. ಮರುಗಳಿಗೆಗೆ ಅವರ ಮುಖ ಗುಳ್ಳೆಯೆದ್ದು, ಕಪ್ಪಾಗಿ, ತೂತುಬಿತ್ತು. ನೋಡುತ್ತಿದ್ದ ಸೂಸೈರಾಜನಿಗೆ ಏಳು ವರ್ಷದಲ್ಲಿ ಮೊದಲ ಸಲ ಹಾಯೆನಿಸಿತು. ಬೆಂಕಿ ಹತ್ತುವ ಮೊದಲೇ ದೀಪ ಮುಚ್ಚಿದ.

ಹಾಲಿನಲ್ಲಿ ಲೈಟು ಬಂತು. ಆ ಆಪರೇಟರನ್ನು ಕೆಳಗೆ ಕರೆಯಿರಿ ಎಂದು ಮಹದೇವಪ್ಪ ಗುಡುಗಿದರು. ಬೆಂಚಿನಿಂದ ಮಿಲ್ಲಿನ ಮುದುಕ ನಂಜಯ್ಯ ಎದ್ದುನಿಂತ.

"ಕಾಲು ಇಡ್ಕೊಂಡಿದ್ದೋರು ನೀವೇ ಅಲ್ವಾ ಸಾಮಿ? ಆ ಹುಡುಗ ಈಗ ಎಲ್ಲವ್ನೆ?"

ಜನರೆಲ್ಲ ಹಿಂದಿನ ಮೆಟ್ಟಿಲ ಕಡೆ ತಿರುಗಿದರು. ಮೆಟ್ಟಿಲಿಳಿಯಲು ಸೂಸೈರಾಜನಿಗೆ ಯಾವಾಗಲೂ ಹೊತ್ತು ಹಿಡಿಯುತ್ತಿತ್ತು. ಆವತ್ತು ಅವನು ಬೇಕೆಂದೇ ಇನ್ನೂ ನಿಧಾನವಾಗಿ ಇಳಿದ.